ಕಿಡಿ ಹಿಂದಿದೆಯಾ

"ಇವತ್ತು ನಿಮ್ಮ ಪಕ್ಕ ನಾನೇ ಕೂತ್ಕೋತೀನಿ," ಎಂದಳು ಆಗಸ್ಟಾ, ಬೇಯಿಸಿದ ಮೊಟ್ಟೆಯ ನೆತ್ತಿಯನ್ನು ಚಮಚದಿಂದ ತಟ್ಟುತ್ತ. "ಯೋಸ್ಟ್‌ಗೆ ರಜ ಕೊಟ್ಟಿದೀನಿ. ಅವರಪ್ಪನ ಗೋರಿಗೆ ಹೂವಿಡಕ್ಕೆ ಹೋಗ್ಬೇಕಂತೆ, ಪಾಪ."

ಲೂಥರ್ ಕ್ರೈಡರ್ ಮುಖದ ಮುಂದಿನ ಪತ್ರಿಕೆಯನ್ನು ಇಳಿಸಲಿಲ್ಲ. ಇಳಿಸಿದರೆ ಮುಖ ಕಾಣುತ್ತದೆ. ಯೋಸ್ಟ್ ಅವನ ಸಂಬಳದ ಮೆಕ್ಯಾನಿಕ್. ಹೋದ ವರ್ಷ ಇದೇ ದಿನ, ಯುದ್ಧದಲ್ಲಿ ಸತ್ತವರ ಗೋರಿಗಳಿಗೆ ಬೆಳಿಗ್ಗೆ ಹೂವಿಟ್ಟು ಅತ್ತು, ಮಧ್ಯಾಹ್ನ ಇಡೀ ಊರು ಹೇಸರಗತ್ತೆ ಗುಡ್ಡದ ಬುಡಕ್ಕೆ ಕಾರುಗಳ ಓಟ ನೋಡಲು ಓಡಿಬಂದಿದ್ದ ದಿನ, ಅವನ ಪಕ್ಕ ಕೂತು ಎಣ್ಣೆಯ ಪಂಪು ಒತ್ತುತ್ತಿದ್ದವನು ಯೋಸ್ಟ್. ಮೂರನೆಯ ತಿರುವಿನಲ್ಲಿ ಲೂಥರನ ಬಲಗಾಲು, ಯಾರೋ ಕರೆದಂತೆ ತಾನಾಗಿ ಎದ್ದು ಬ್ರೇಕಿನ ಮೇಲೆ ಹೋಗಿ ಕೂತದ್ದನ್ನು ನೋಡಿದವನು ಜಗತ್ತಿನಲ್ಲಿ ಅವನೊಬ್ಬನೇ. ಗುಡ್ಡದ ತುದಿಯಲ್ಲಿ ಗಡಿಯಾರ ಹಿಡಿದು ನಿಂತಿದ್ದವನು "ಏನು ಕ್ರೈಡರ್ ಅವರೇ, ದಾರೀಲಿ ಊಟ ಮುಗಿಸ್ಕೊಂಡು ಬಂದ್ರಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಯೋಸ್ಟ್ ಮಾತ್ರ ನಗದೆ, ಎಂಜಿನ್ನಿನ ಮುಚ್ಚಳ ಎತ್ತಿ "ಪೆಟ್ರೋಲಲ್ಲಿ ಕಸ ಸಿಕ್ಕೊಂಡಿದೆ ಯಜಮಾನ್ರೇ" ಎಂದು ಎಲ್ಲರಿಗೂ ಕೇಳುವ ಹಾಗೆ ಸುಳ್ಳು ಹೇಳಿದ್ದ. ಆ ಸುಳ್ಳಿಗಾಗಿ ಲೂಥರ್ ಅವನನ್ನು ಇಡೀ ವರ್ಷ ದ್ವೇಷಿಸಿದ್ದ. ಈಗ ಅವನಿಲ್ಲ. ಅವನ ಜಾಗದಲ್ಲಿ ಆಗಸ್ಟಾ ಕೂರುತ್ತಾಳಂತೆ. ಕಾರಿಗೆ ಬಾಗಿಲಿಲ್ಲ, ಚಾವಣಿಯಿಲ್ಲ, ಮುಚ್ಚುಮರೆಯೆಂಬುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಓಡಿಸುವವನ ಕಾಲು ಬೆರಳಿನವರೆಗೂ ಕಾಣುತ್ತದೆ.

"ಧೂಳು," ಎಂದ ಪತ್ರಿಕೆಯ ಹಿಂದಿನಿಂದ.

"ಗೊತ್ತು."

"ಹುಳ ಎಲ್ಲಾ ಮುಖಕ್ಕೇ ಹೊಡಿಯುತ್ತೆ. ನಿನ್ನ ಕಡೆ ಗಾಜಿಲ್ಲ."

"ಅದೂ ಗೊತ್ತು. ಟೋಸ್ಟ್ ತಗೊಳ್ಳಿ, ಆರಿಹೋಗುತ್ತೆ."

ಅವನು ಟೋಸ್ಟ್ ತೆಗೆದುಕೊಂಡ. ಈ ಹೆಂಗಸಿಗೆ ಏನು ಬೇಕಾಗಿದೆ? ಮದುವೆಯಾದಾಗಿನಿಂದ ಅವಳು ಏನನ್ನೂ ಕೇಳಿದವಳಲ್ಲ. ಕೊಟ್ಟದ್ದನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಎಲ್ಲೋ ಒಂದು ಕಡೆ ಇಡುವವಳು. ಹಳದಿ ಬಣ್ಣದ ಆ ಹಾಲ್ಬರ್ಟ್ ಕಾರು ರೈಲಿನಲ್ಲಿ ಬಂದ ದಿನವೂ ಹಾಗೇ. ಊರೆಲ್ಲ ನಿಲ್ದಾಣಕ್ಕೆ ಬಂದಿತ್ತು. ಎರಡು ಬಕೆಟ್ಟಿನಂಥ ಸೀಟು, ಹಿಂದೆ ಪೀಪಾಯಿಯಂಥ ಪೆಟ್ರೋಲ್ ಟ್ಯಾಂಕು, ಸ್ಟೀರಿಂಗ್ ಕಂಬಕ್ಕೆ ಸಿಕ್ಕಿಸಿದ, ಓಡಿಸುವವನ ಮುಖಕ್ಕಷ್ಟೇ ಸಾಲುವ ಒಂದು ದುಂಡು ಗಾಜು. ಅವಳು ಆ ಗಾಜಿನ ಕಡೆ ಬೆರಳು ತೋರಿಸಿ "ಒಬ್ಬರಿಗೇನಾ?" ಎಂದಿದ್ದಳು. ಅಷ್ಟೇ. ಅದು ಪ್ರಶ್ನೆಯೋ ತೀರ್ಪೋ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಆ ದಿನ ಸಂಜೆ ಅವನು ಅವಳನ್ನು ಕೂರಿಸಿಕೊಂಡು ಒಂದೊಂದು ಭಾಗವನ್ನೂ ವಿವರಿಸಿದ್ದ. ಇದು ಗೇರು, ಇದು ಎಣ್ಣೆಯ ಪಂಪು, ಇದು, ಸ್ಟೀರಿಂಗ್ ಚಕ್ರದ ನಡುವೆ ಬೆರಳುದ್ದದ ಈ ಲಿವರ್, ಇದು ಕಿಡಿಯದು. ಓಡುವಾಗ ಕಿಡಿ ಮುಂದಿರಬೇಕು, ಎಂಜಿನ್ ಹೊತ್ತಿಸಲು ಹ್ಯಾಂಡಲ್ ಹೊಡೆಯುವಾಗ ಮಾತ್ರ ಹಿಂದಿರಬೇಕು. ಮರೆತು ಮುಂದಿಟ್ಟು ಹ್ಯಾಂಡಲ್ ಹೊಡೆದೆಯೋ, ಎಂಜಿನ್ನು ಉಲ್ಟಾ ತಿರುಗಿ ಹ್ಯಾಂಡಲ್ಲು ಒದೆಯುತ್ತದೆ, ಮಣಿಕಟ್ಟು ಚೂರು. ಅವಳು ಬೇಲಿಯಾಚೆ ಅಗಸಗಿತ್ತಿಯ ಹಗ್ಗದ ಮೇಲಿನ ಬಟ್ಟೆ ನೋಡುತ್ತಿದ್ದಳು. ಕೇಳಿಸಿಕೊಂಡಿಲ್ಲ ಎಂದು ಅವನು ಆಗ ಅಂದುಕೊಂಡಿದ್ದ.

ಮೇಲೆ ಕೋಣೆಯಲ್ಲಿ ಕಾಲರಿನ ಗುಂಡಿ ಸಿಕ್ಕಿಸಿಕೊಂಡ. ಗುಂಡಿ ಅವನದೇ ಕಾರ್ಖಾನೆಯದು. ನದಿಯ ಕಪ್ಪೆಚಿಪ್ಪನ್ನು ಕೊರೆದು ಅಂಗಿಗುಂಡಿ ಮಾಡುವ ಆ ಕಾರ್ಖಾನೆ ಅವನ ಅಪ್ಪನದು. ಅಪ್ಪ ಸತ್ತರೂ ಅದರ ನಾತ ಸತ್ತಿರಲಿಲ್ಲ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅಂಗೈಯಲ್ಲಿ ಕೊಳೆತ ಚಿಪ್ಪಿನ ವಾಸನೆ ಇದೆಯೆಂದು ಅವನಿಗೆ ಅನುಮಾನ. ಮೋಟಾರ್ ಕ್ಲಬ್ಬಿನಲ್ಲಿ ಅವನ ಹೆಸರು ಗುಂಡಿ ಸಾಹೇಬ. ಈ ಎರಡು ವರ್ಷಗಳಲ್ಲಿ ಅದು ಇನ್ನೂ ರುಚಿಕಟ್ಟಾಗಿತ್ತು, ಏಕೆಂದರೆ ಈಗ ಗುಂಡಿ ಒತ್ತಿದರೆ ಸಾಕು, ವಿದ್ಯುತ್ತಿನಿಂದ ತಾನೇ ಹೊತ್ತಿಕೊಳ್ಳುವ ಕಾರುಗಳು ಬಂದಿದ್ದವು. ಡಾಕ್ಟರ ಹೆಂಡತಿಯ ಹತ್ತಿರ ಒಂದಿತ್ತು. "ನಮ್ಮ ಗುಂಡಿ ಸಾಹೇಬರಿಗೆ ಅಂತಾನೇ ಮಾಡಿದಾರೆ ಕಣ್ರೀ ಅದನ್ನ," ಎಂದು ಔಷಧಿ ಅಂಗಡಿಯವನು ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದರು. ನಗಲಿ, ನಗಲಿ. ಯಾರು ಇವರೆಲ್ಲ? ವಾರವಿಡೀ ಬ್ಯಾಂಕಿನ ಕಂಬಿಯ ಹಿಂದೆ, ಮಾತ್ರೆ ಡಬ್ಬಗಳ ಹಿಂದೆ, ಶವಪೆಟ್ಟಿಗೆ ಅಂಗಡಿಯ ಹಿಂದೆ ಕೂತು ಕೊಬ್ಬು ಬೆಳೆಸಿ, ಭಾನುವಾರ ಚರ್ಚಿನಲ್ಲಿ ಆಕಳಿಸಿ, ಊಟವಾದ ಮೇಲೆ ಕಣ್ಣಿಗೆ ಚರ್ಮದ ಕನ್ನಡಕ ಕಟ್ಟಿಕೊಂಡ ತಕ್ಷಣ ತಾವೇ ಬಿರುಗಾಳಿ ಎಂದು ತಿಳಿಯುವವರು. ಬಿರುಗಾಳಿಯಂತೆ! ಗಾಳಿಗೆ ಗುರಿಯೆಂಬುದಿರುತ್ತದೆಯೇ? ಇವರಿಗೂ ಇರಲಿಲ್ಲ. ಗುಡ್ಡ ಹತ್ತಿ ಏನು ಮಾಡುತ್ತಾರೆ? ನಿಂಬೆ ಶರಬತ್ತು ಕುಡಿದು ಇಳಿಯುತ್ತಾರೆ.

ಅವರ ಪದಕ ಎದೆಯ ಮೇಲಿರಲಿಲ್ಲ, ಮಣಿಕಟ್ಟಿನಲ್ಲಿತ್ತು. ಹ್ಯಾಂಡಲ್ ಒದ್ದು ಮುರಿದು, ಡಾಕ್ಟರು ಅರೆಬರೆ ಕೂರಿಸಿ, ಸೊಟ್ಟಗೆ ಕೂಡಿಕೊಂಡ ಮಣಿಕಟ್ಟು. ಕೈಕುಲುಕುವಾಗ ಅದನ್ನು ಸ್ವಲ್ಪ ತಿರುಗಿಸಿ ತೋರಿಸುತ್ತಿದ್ದರು. ಮುರಿದುಕೊಂಡವನಿಗೆ ಆ ಋತುವಿನ ಓಟ ಮಾಫಿ; ಹೆಂಗಸರು ಅವನ ಮಾಂಸವನ್ನು ತಟ್ಟೆಯಲ್ಲಿ ಕತ್ತರಿಸಿ ಕೊಡುತ್ತಾರೆ, ಗಂಡಸರು ಅವನ ಗ್ಲಾಸು ತುಂಬುತ್ತಾರೆ. ಕ್ಲಬ್ಬಿನಲ್ಲಿ ಯಾರೊಬ್ಬರು ಹ್ಯಾಂಡಲ್ಲಿಗೆ ಕೈಹಾಕಿದರೂ ಮೊದಲು ಕೂಗಿ ಕೇಳಬೇಕು, ಕಿಡಿ ಹಿಂದಿದೆಯಾ, ಎಂದು. ಸೀಟಿನಲ್ಲಿ ಕೂತವನು ಲಿವರ್ ನೋಡಿ ಹೇಳಬೇಕು, ಹಿಂದಿದೆ. ಕೇಳಿ ಕೇಳಿ ಈ ಮಾತು ಊರಿನ ನಮಸ್ಕಾರವಾಗಿಬಿಟ್ಟಿತ್ತು. ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಸಾವಿನ ಮನೆಯಲ್ಲಿ ಕೂಡ ಮೆಲ್ಲಗೆ, ಕಿಡಿ ಹಿಂದಿದೆಯಾ? ಹಿಂದಿದೆ, ಹಿಂದಿದೆ. ಯಾರೂ ಯಾವ ಲಿವರನ್ನೂ ನೋಡುತ್ತಿರಲಿಲ್ಲ. ಲೂಥರನೂ ದಿನಕ್ಕೆ ಹತ್ತು ಸಲ ಆ ಉತ್ತರ ಕೊಟ್ಟಿದ್ದ, ಕೊಡುವಾಗಲೆಲ್ಲ ತನ್ನ ಬಾಯಿಯ ಬಗ್ಗೆ ತನಗೇ ಅಸಹ್ಯಪಟ್ಟುಕೊಂಡಿದ್ದ.

ಟೈ ಬಿಗಿಯುತ್ತಿದ್ದಾಗ ಆ ಯೋಚನೆ ಬಂತು. ಬಂದದ್ದು ಎಷ್ಟು ಸಲೀಸಾಗಿ ಎಂದರೆ, ಯಾವಾಗಲೋ ಬಂದು ಒಳಗೆಲ್ಲೋ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಿರಬೇಕು. ಲಿವರನ್ನು ಮುಂದೆ ತಳ್ಳಿ ಇಳಿಯುವುದು. ತಾನೇ ಹ್ಯಾಂಡಲ್ ಹೊಡೆಯುವುದು. ಕ್ಲಬ್ಬಿನ ಕಟ್ಟಳೆಯೂ ಅದೇ, ಅವರವರ ಕಾರನ್ನು ಅವರವರೇ ಜನರ ಮುಂದೆ ಹ್ಯಾಂಡಲ್ ಹೊಡೆದು ಹೊರಡಿಸಬೇಕು. ಒಂದು ಒದೆ, ಒಂದು ಕೂಗು, ಮುಗಿಯಿತು. ಮೂರನೆಯ ತಿರುವಿಲ್ಲ, ಕಾಲಿಲ್ಲ, ಪಕ್ಕದಲ್ಲಿ ಕೂತು ನೋಡುವ ಕಣ್ಣಿಲ್ಲ. ಕನ್ನಡಿಯಲ್ಲಿ ತನ್ನ ಬಲ ಮಣಿಕಟ್ಟನ್ನು ನೋಡಿಕೊಂಡ. ತೆಳ್ಳಗೆ, ಬೆಳ್ಳಗೆ, ಹೆಣ್ಣಿನದರ ಹಾಗಿತ್ತು. ಮುರಿದರೆ ಸ್ವಲ್ಪ ಸುಧಾರಿಸಬಹುದು ಎಂದುಕೊಂಡ.

ದಾರಿಯಲ್ಲಿ ಆಗಸ್ಟಾ ಟೋಪಿಯ ಮೇಲಿಂದ ಬಟ್ಟೆ ಬಿಗಿದು ಗದ್ದದ ಕೆಳಗೆ ಗಂಟು ಹಾಕಿಕೊಂಡಿದ್ದಳು. ನಿಧಾನವಾಗಿಯೇ ಹೋಗುತ್ತಿದ್ದರೂ ಒಂದು ಜೀರುಂಡೆ ಬಂದು ಅವಳ ಕೆನ್ನೆಗೆ ಹೊಡೆಯಿತು. ಅವಳು ಅದನ್ನು ತೆಗೆದು, ನೋಡಿ, ಬದಿಗೆ ಬಿಟ್ಟಳು. ಅವನ ದುಂಡು ಗಾಜಿನ ಮೇಲೂ ಹುಳಗಳು ಬಡಿದು ಹಳದಿಯಾಗಿ ಅಂಟಿಕೊಂಡಿದ್ದವು; ಅವುಗಳ ನಡುವಿನ ಸಂದಿಯಿಂದ ಅವನು ರಸ್ತೆ ನೋಡುತ್ತಿದ್ದ. ಸ್ಮಶಾನದ ಗೇಟಿನ ಹತ್ತಿರ ಮುದಿ ಸಿಪಾಯಿಗಳು ನೀಲಿ ಕೋಟು ತೊಟ್ಟು ಕುರ್ಚಿಗಳಲ್ಲಿ ಕೂತಿದ್ದರು. ಒಬ್ಬನಿಗೆ ಕೈಯಿರಲಿಲ್ಲ, ಕೋಟಿನ ಖಾಲಿ ತೋಳನ್ನು ಮಡಿಚಿ ಪಿನ್ನು ಹಾಕಿದ್ದರು. ಕಾರು ಹಾದುಹೋಗುವಾಗ ಆತ ಉಳಿದ ಕೈಯಿಂದ ಸೆಲ್ಯೂಟ್ ಮಾಡಿದ. ಯಾರಿಗೆ? ಹಳದಿ ಬಣ್ಣಕ್ಕೆ. ಲೂಥರನಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು, ನಾಚಿಕೆ ಆಯಿತಲ್ಲ ಎಂದು ಸಿಟ್ಟು ಬಂತು. ಗೌರವದಿಂದ ಮುರಿದದ್ದು, ಸುಳ್ಳಿನಿಂದ ಮುರಿದದ್ದು, ಮೂಳೆಗೇನು ಗೊತ್ತಾಗುತ್ತದೆ?

ಗುಡ್ಡದ ಬುಡದಲ್ಲಿ ಜಾತಿವಾರು ಗುಂಪುಗಳು. ನೆರಳಿರುವ ಕಡೆ ಕ್ಲಬ್ಬಿನವರು, ಅವರ ಹೆಂಡಂದಿರು, ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ಬುಟ್ಟಿಗಳು. ಬಿಸಿಲಿರುವ ಕಡೆ, ರಸ್ತೆಯುದ್ದಕ್ಕೂ ಇಳಿಜಾರಿನಲ್ಲಿ, ಕಲ್ಲಿದ್ದಲ ಗಣಿಯವರು. ಇದೇ ರಸ್ತೆಯಲ್ಲಿ ಅವರ ಅಪ್ಪಂದಿರು ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಅವರು ಬಂದದ್ದು ಓಟ ನೋಡಲಲ್ಲ, ಯಾರಾದರೂ ಬಿದ್ದು ಉರುಳಿದರೆ ಅದನ್ನು ನೋಡಲು. ಪ್ರಾಮಾಣಿಕರು ಎಂದರೆ ಅವರಷ್ಟೇ ಎಂದು ಲೂಥರನಿಗೆ ಅನ್ನಿಸಿತು. ಆದರೂ ಅವರ ಬಾಯಿಯ ಹೊಗೆಸೊಪ್ಪಿನ ವಾಸನೆ ದೂರದಿಂದಲೇ ಮೂಗಿಗೆ ಬಡಿದು, ಆ ಮೆಚ್ಚುಗೆಯೂ ಹೋಯಿತು.

ರಾಸ್ಕೋ ಅದಾಗಲೇ ಓಡಿಸಿ ಇಳಿದು ಬಂದಿದ್ದ. ಆಗಸ್ಟಾಳ ತಮ್ಮ, ಕ್ಲಬ್ಬಿನ ಕಣ್ಮಣಿ. ಮೂರನೆಯ ತಿರುವಿನಲ್ಲಿ ಕಾರಿನ ಹಿಂದಿನ ಚಕ್ರ ಕಣಿವೆಯ ಮೇಲೆ ಗಾಳಿಯಲ್ಲಿ ತೇಲಿತಂತೆ. ತೇಲಿದ್ದನ್ನು ಅವನು ಬಿಡಿಸಿ ಬಿಡಿಸಿ ಹೇಳುತ್ತಿದ್ದ, ಸುತ್ತ ನಿಂತವರು ಬಾಯಿ ಬಿಟ್ಟು ಕೇಳುತ್ತಿದ್ದರು. ಹುಡುಗ ಹಲ್ಲು ಬಿಟ್ಟರೆ ಇಡೀ ಊರಿಗೆ ಬೆಳಕಾಗುತ್ತದೆ ಎಂದು ಅವನ ತಾಯಿ ಹೇಳುತ್ತಿದ್ದಳು. ಆ ಹಲ್ಲನ್ನು ಲೂಥರನಿಗೆ ಸಹಿಸಲಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಮಣಿಕಟ್ಟನ್ನು. ಕ್ಲಬ್ಬಿನಲ್ಲಿ ಇನ್ನೂ ಮುರಿಯದ ಮಣಿಕಟ್ಟುಗಳು ಎರಡೇ. ಒಂದು ರಾಸ್ಕೋನದು. ಅದನ್ನು ನೋಡಿ ಜನ, ಹ್ಯಾಂಡಲ್ಲಿಗೂ ತನ್ನ ಯಜಮಾನ ಯಾರು ಅಂತ ಗೊತ್ತು ಎನ್ನುತ್ತಿದ್ದರು. ಇನ್ನೊಂದು ಲೂಥರನದು. ಅದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ.

"ಭಾವ! ಕಿಡಿ ಹಿಂದಿದೆಯಾ?" ರಾಸ್ಕೋ ದೂರದಿಂದಲೇ ಕೂಗಿದ.

"ಹಿಂದಿದೆ," ಎಂದ ಲೂಥರ್. ನಮಸ್ಕಾರಕ್ಕೆ ನಮಸ್ಕಾರ.

"ಅಕ್ಕನ್ನ ಕೂರಿಸ್ಕೊಂಡು ಹೋಗ್ತಿದೀರಂತೆ? ಅವಳನ್ನ ಬೀಳಿಸಿ ಬಿಟ್ಟೀರ ಮತ್ತೆ! ಅಮ್ಮ ನನ್ನ ಜೀವ ತೆಗೀತಾಳೆ."

"ಬೀಳೋ ಅಷ್ಟು ಜೋರಾಗಿ ಅವರೆಲ್ಲಿ ಹೋಗ್ತಾರೆ ಮಾರಾಯ," ಎಂದ ಔಷಧಿ ಅಂಗಡಿಯವನು. ನಗು. ಆಗಸ್ಟಾ ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. ಸೀಟಿನಲ್ಲಿ ಕೂತವಳು ಕೂತ ಹಾಗೇ ಕೈಗವಸು ಹಾಕಿಕೊಳ್ಳುತ್ತಿದ್ದಳು.

ಕ್ಲಬ್ಬಿನ ಅಧ್ಯಕ್ಷ ಕರ್ನಲ್ ಬ್ಲಾಸರ್ ಬಾವುಟ ಎತ್ತಿ ಕ್ರೈಡರ್ ಎಂದು ಹೆಸರು ಕೂಗಿದ. ಕಾರನ್ನು ಗೆರೆಯವರೆಗೆ ತಂದು, ಕಟ್ಟಳೆಯಂತೆ ಎಂಜಿನ್ ಆರಿಸಿ, ಕಿಡಿಯ ಲಿವರನ್ನು ಹಿಂದಕ್ಕೆಳೆದು, ಲೂಥರ್ ಒಂದು ಕ್ಷಣ ಹಾಗೇ ಕೂತ. ಎಡಗೈ ಚಕ್ರದ ಮೇಲಿತ್ತು. ಬಲಗೈಯ ಬೆರಳು ಹೋಗಿ ಆ ಸಣ್ಣ ಲಿವರನ್ನು ಮತ್ತೆ ಮುಂದೆ ತಳ್ಳಿತು. ಸದ್ದಿಲ್ಲ, ಏನಿಲ್ಲ, ಎಣ್ಣೆ ಹಾಕಿದ ಲಿವರು. ಆಗಸ್ಟಾ ಗುಡ್ಡ ನೋಡುತ್ತಿದ್ದಳು. ಅವನು ಇಳಿದು ಕಾರಿನ ಮುಂದೆ ಬಂದು ನಿಂತು, ಬಗ್ಗಿ, ಹ್ಯಾಂಡಲ್ ಹಿಡಿದ. ಹಿಡಿಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆ ಒಂದೇ ಕಡೆ ಇಡುತ್ತಾರೆ, ಒದ್ದರೆ ಕೈ ಜಾರಲಿ ಎಂದು. ಅವನು ಹೆಬ್ಬೆರಳನ್ನು ಆಚೆ ಕಡೆಯಿಂದ ಸುತ್ತಿದ, ಮುರಿಯಲು ಬೇಕಾದ ಹಾಗೆ. ಇನ್ನು ಎಳೆದರಾಯಿತು. ಎಳೆಯಬೇಕು. ಕಬ್ಬಿಣ ಬಿಸಿಲಿಗೆ ಬೆಚ್ಚಗಿತ್ತು. ಅವನ ಕಣ್ಣಿನ ಮಟ್ಟಕ್ಕೆ ರೇಡಿಯೇಟರಿನ ಜಾಲರಿ, ಅದರಲ್ಲಿ ಸಿಕ್ಕಿ ಒಣಗಿದ ಒಂದು ಚಿಟ್ಟೆ. ಎಳಿ, ಎಂದ ತನಗೆ ತಾನೇ. ತೋಳು ಕೇಳಲಿಲ್ಲ. ಥೂ! ಓಡಲೂ ಧೈರ್ಯವಿಲ್ಲ, ಓಡದಿರಲು ಬೇಕಾದಷ್ಟು ಧೈರ್ಯವೂ ಇಲ್ಲ. ಹೆಬ್ಬೆರಳು ತಾನಾಗಿ ಬಿಚ್ಚಿಕೊಂಡು ಮೆಲ್ಲಗೆ ಈಚೆಗೆ ಬಂತು. ಅದನ್ನು ನೋಡಿ, ಹೋದ ವರ್ಷ ಕಾಲು, ಈ ವರ್ಷ ಬೆರಳು ಎಂದುಕೊಂಡ.

"ಏನ್ ಹುಡುಕ್ತಿದಾರೆ ಅಲ್ಲಿ?"

"ಗುಂಡಿ! ಒತ್ತೋಕೆ ಗುಂಡಿ ಹುಡುಕ್ತಿದಾರೆ!"

ಇಳಿಜಾರಿನ ಗಣಿಯವರೂ ಈಗ ನಗುತ್ತಿದ್ದರು. ಒಬ್ಬ ಹೇಸರಗತ್ತೆಯ ಹಾಗೆ ಕೂಗಿದ. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ರಾಸ್ಕೋ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ, ಅದೇ ಲೂಥರನಿಗೆ ತಡೆಯಲಾಗದೆ ಹೋದದ್ದು. ಅದು ಮಗುವಿಗೆ ಬೂಟಿನ ಲೇಸು ಕಟ್ಟಿಕೊಡುವವರ ದನಿ.

"ಬಿಡಿ ಭಾವ. ಅಕ್ಕ ಇದಾಳೆ ಅಂತ ಕೈ ನಡುಗ್ತಿದೆ, ಸಹಜ. ಹೋಗಿ ಕೂತ್ಕೊಳ್ಳಿ, ನಾನು ಹೊಡೀತೀನಿ. ಕರ್ನಲ್ ಏನೂ ಅನ್ನಲ್ಲ."

"ಬೇಡ..."

"ಹೋಗೀಂದ್ರೆ."

ಅವನು ಹೋಗಿ ಕೂತ. ಕೂತದ್ದು ಅವನಲ್ಲ, ಹೆಗಲ ಮೇಲಿನ ಆ ಕರುಣೆಯ ಕೈಯಿಂದ ತಪ್ಪಿಸಿಕೊಂಡ ಮೈ. ದುಂಡು ಗಾಜಿನಲ್ಲಿ ಹುಳಗಳ ಕಲೆಗಳ ನಡುವೆ ರಾಸ್ಕೋ ಕಾಣಿಸಿದ. ಕೋಟು ಬಿಚ್ಚಿ ಯಾರಿಗೋ ಎಸೆದ, ಅಂಗಿಯ ತೋಳು ಮಡಿಚಿದ. ಅಂಗಿಗೆ ಚಿಪ್ಪಿನ ಗುಂಡಿ, ಲೂಥರನ ಕಾರ್ಖಾನೆಯದೇ. ಬಿಸಿಲಲ್ಲಿ ಕೆಂಪಾದ, ಹೊಂಬಣ್ಣದ ಕೂದಲಿನ, ಯಾವ ಸೊಟ್ಟೂ ಇಲ್ಲದ ಆ ಮಣಿಕಟ್ಟು. ಲಿವರು ಲೂಥರನ ಕೈಯ ಪಕ್ಕದಲ್ಲೇ ಇತ್ತು. ಬೆರಳೊಂದನ್ನು ಆಡಿಸಿದ್ದರೆ ಸಾಕಿತ್ತು.

"ಕಿಡಿ ಹಿಂದಿದೆಯಾ?" ರಾಸ್ಕೋ ಬಗ್ಗಿ ಕೂಗಿ ಕೇಳಿದ.

"ಹಿಂದಿದೆ."

ಬಾಯಿಯಿಂದ ಅದು ಹೊರಟೇಹೋಯಿತು. ಚರ್ಚಿನ ಮೆಟ್ಟಿಲ ಮೇಲೆ ಹೊರಡುವ ಹಾಗೆ, ಕ್ಷೌರದಂಗಡಿಯಲ್ಲಿ ಹೊರಡುವ ಹಾಗೆ. ಹೊರಟ ಮೇಲೂ ಸಮಯವಿತ್ತು. ರಾಸ್ಕೋ ಅಂಗೈಗೆ ಉಗುಳಿಕೊಂಡ, ಉಜ್ಜಿಕೊಂಡ, ಗಣಿಯವರ ಕಡೆ ತಿರುಗಿ ಹಲ್ಲು ಬಿಟ್ಟ. ತಾಳು ಎನ್ನಬಹುದಿತ್ತು. ತಾಳು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಎಲ್ಲರೂ ಬಂದು ಲಿವರ್ ನೋಡುತ್ತಾರೆ. ಇಷ್ಟನ್ನೂ ಅವನು ಯೋಚಿಸಿದನೋ, ಅಥವಾ ಏನನ್ನೂ ಯೋಚಿಸದೆ ಆ ಮಣಿಕಟ್ಟನ್ನೇ ನೋಡುತ್ತ ಕೂತಿದ್ದನೋ, ಆಮೇಲೆ ಎಷ್ಟು ಕೆದಕಿದರೂ ಅವನಿಗೆ ತಿಳಿಯಲಿಲ್ಲ.

ಹ್ಯಾಂಡಲ್ ಒದ್ದ ಸದ್ದು ದೊಡ್ಡದಲ್ಲ. ಒಣಗಿದ ಪುರುಳೆ ಕಡ್ಡಿಯನ್ನು ಮೊಣಕಾಲಿಗೆ ಹಾಕಿ ಮುರಿದ ಹಾಗಿತ್ತು. ರಾಸ್ಕೋ ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ರಸ್ತೆಯ ಮೇಲೆ ಕೂತು, ತನ್ನ ಕೈಯನ್ನು ಬೇರೆ ಯಾರದೋ ವಸ್ತು ತನ್ನ ಮಡಿಲಿಗೆ ಬಿದ್ದಿದೆಯೆಂಬಂತೆ ನೋಡಿದ. ಕೈ ನಿಲ್ಲಬಾರದ ರೀತಿಯಲ್ಲಿ ನಿಂತಿತ್ತು. ಆಮೇಲೆ ಬೆಳ್ಳಗಾದ ತುಟಿಯಲ್ಲೇ ನಕ್ಕ. "ಬಂತು ನೋಡ್ರಪ್ಪಾ, ನನ್ನ ಪದಕಾನೂ ಬಂತು," ಎಂದ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಟೋಪಿಗಳು ಗಾಳಿಗೆ ಹಾರಿದವು. ಮೂಳೆ ಮುರಿದದ್ದಕ್ಕೆ ಚಪ್ಪಾಳೆ! ಲೂಥರನಿಗೆ ಅಸಹ್ಯವಾಯಿತು, ಮತ್ತು ಆ ಅಸಹ್ಯದ ತಳದಲ್ಲಿ, ಸಣ್ಣಗೆ, ಸ್ಪಷ್ಟವಾಗಿ, ಹೊಟ್ಟೆಕಿಚ್ಚು. ಆ ಚಪ್ಪಾಳೆ ತನ್ನದಾಗಬೇಕಿತ್ತು.

ಕರ್ನಲ್ ಬ್ಲಾಸರ್ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. "ಕ್ರೈಡರ್, ಹಿಂದಿದೆ ಅಂದ್ರಲ್ಲ ನೀವು? ನಾನೇ ಕೇಳಿಸ್ಕೊಂಡೆ."

ಲೂಥರ್ ಬಾಯಿ ತೆರೆದ.

"ಅವರು ಹೇಳ್ದಾಗ ಹಿಂದೇನೇ ಇತ್ತು," ಎಂದಳು ಆಗಸ್ಟಾ. ಎಲ್ಲರೂ ಅವಳ ಕಡೆ ತಿರುಗಿದರು. "ನಾನು ಟೋಪಿ ಗಂಟು ಬಿಗಿ ಮಾಡಕ್ಕೆ ಹೋದೆ, ನನ್ನ ತೋಳು ತಗುಲ್ತು ಅನ್ಸುತ್ತೆ. ನೋಡಿ, ಮುಂದೆ ಬಂದ್ಬಿಟ್ಟಿದೆ." ಅವಳು ಕೈಗವಸಿನ ಒಂದು ಬೆರಳಿನಿಂದ, ಎಲ್ಲರಿಗೂ ಕಾಣುವಂತೆ, ಲಿವರನ್ನು ಹಿಂದಕ್ಕೆ ಎಳೆದಳು. ಸರಿಯಾದ ಲಿವರನ್ನು, ಸರಿಯಾದ ಕಡೆಗೆ. "ರಾಸ್ಕೋ, ಕ್ಷಮಿಸ್ಬಿಡೋ. ನನಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?"

"ಅಯ್ಯೋ ಹೋಗ್ಲಿ ಬಿಡೇ ಅಕ್ಕ," ಎಂದ ರಾಸ್ಕೋ, ಹಲ್ಲು ಕಚ್ಚಿಕೊಂಡು.

ಗಂಡಸರ ಮುಖಗಳೆಲ್ಲ ಒಮ್ಮೆಗೇ ಸಡಿಲವಾದವು. ಲೆಕ್ಕ ಸರಿಹೋಗಿತ್ತು. "ಹೆಂಗಸರನ್ನ ಕೂರಿಸಿದ್ರೆ ಇನ್ನೇನಾಗುತ್ತೆ," ಎಂದು ಔಷಧಿ ಅಂಗಡಿಯವನು ಹೇಳಿದ, ಬಹಳ ಮೆಲ್ಲಗೆ ಅಲ್ಲ. ಕರ್ನಲ್ ಆಗಸ್ಟಾಳ ಕಡೆ ತಲೆ ಬಗ್ಗಿಸಿ, ಲೂಥರನ ಕಡೆ ಕನಿಕರದಿಂದ ನೋಡಿದ, ಪಾಪ, ನಿನ್ನ ತಪ್ಪಿಲ್ಲ ಎನ್ನುವ ಹಾಗೆ. ಆ ನೋಟವನ್ನು ಲೂಥರ್ ತೆಗೆದುಕೊಂಡ. ಕೈಚಾಚಿ ತೆಗೆದುಕೊಂಡ ಎಂದೇ ಹೇಳಬೇಕು, ಏಕೆಂದರೆ ಅವನು ಅದಕ್ಕೆ ತಲೆಯಾಡಿಸಿದ. ಹೆಂಡತಿ ತನ್ನ ಹೆಸರನ್ನು ರಸ್ತೆಗೆ ಹಾಸಿ ಕೊಟ್ಟಿದ್ದಳು, ಅವನು ಬೂಟಿನ ಕೆಸರನ್ನೂ ಒರೆಸದೆ ಅದರ ಮೇಲೆ ನಡೆದುಹೋದ.

ಡಾಕ್ಟರ ಹೆಂಡತಿ ತನ್ನ ಕಾರು ತಂದಳು. ರಾಸ್ಕೋನನ್ನು ಕೂರಿಸಿ, ಒಂದು ಗುಂಡಿ ಒತ್ತಿದಳು. ಕಾರು ಗುರ್ ಎಂದು ಹೊರಟುಹೋಯಿತು. ಯಾರೂ ನಗಲಿಲ್ಲ.

"ಓಡಿಸ್ತೀರಲ್ಲ ಕ್ರೈಡರ್?" ಎಂದ ಕರ್ನಲ್. "ಈಗ ನಿಲ್ಲಿಸಿದ್ರೆ ರಾಸ್ಕೋಗೆ ಬೇಜಾರಾಗುತ್ತೆ. ಅವನಿಗೋಸ್ಕರ ಓಡ್ಸಿ."

ಶವಪೆಟ್ಟಿಗೆ ಅಂಗಡಿಯವನು ಬಂದು ಹ್ಯಾಂಡಲ್ ಹೊಡೆದ, ಈ ಸಲ ಕಿಡಿಯ ಪ್ರಶ್ನೆಯನ್ನು ಆಗಸ್ಟಾಳನ್ನೇ ಕೇಳಿ, ಅವಳಿಂದಲೇ ಉತ್ತರ ಪಡೆದು. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಆ ಆರ್ಭಟದಲ್ಲಿ ಲೂಥರ್ ಅವಳ ಕಡೆ ಬಾಗಿ "ಆಗಸ್ಟಾ, ನಾನು..." ಎಂದ. ಅವಳು ಕಿವಿಯನ್ನು ತೋರಿಸಿ ಕೇಳಿಸುತ್ತಿಲ್ಲವೆಂದು ಕೈಯಾಡಿಸಿದಳು. ಬಾವುಟ ಇಳಿಯಿತು.

ಮೊದಲ ತಿರುವು ಯಾವಾಗ ಬಂತೋ ಗೊತ್ತಿಲ್ಲ. ಎರಡನೆಯದರಲ್ಲಿ ಜಲ್ಲಿಕಲ್ಲು ಚಿಮ್ಮಿ ಯಾರೋ ಹೆಂಗಸು ಚೀರಿದಳು. ಆಗಸ್ಟಾ ಪಂಪು ಒತ್ತುತ್ತಿದ್ದಳು, ಯೋಸ್ಟ್‌ಗಿಂತ ಹದವಾಗಿ. ಅವಳಿಗೆ ಯಾರು ಕಲಿಸಿದರು? ತಾನೇ, ಅಗಸಗಿತ್ತಿಯ ಬಟ್ಟೆ ನೋಡುತ್ತಿದ್ದವಳಿಗೆ, ಒಂದು ಸಂಜೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಷ್ಟು ವರ್ಷ ಅವನು ಹೇಳಿದ ಪ್ರತಿಯೊಂದನ್ನೂ ಕೇಳಿಸಿಕೊಂಡು, ತೂಕ ನೋಡಿ, ಎಲ್ಲೋ ಒಂದು ಕಡೆ ಇಟ್ಟಿದ್ದಳು. ಮೂರನೆಯ ತಿರುವು ಎದುರಾಯಿತು. ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಏನೂ ಇಲ್ಲ, ಬರೀ ಬಿಳಿ ಆಕಾಶ. ಕಾಲು ಎದ್ದಿತು. ಅವನು ಅದನ್ನು ತಡೆಯಲಿಲ್ಲ, ತಡೆಯಲಾಗಲಿಲ್ಲ. ಎದ್ದು ಬ್ರೇಕಿನ ಮೇಲೆ ಹೋಗಿ ಕೂತಿತು, ಹೋದ ವರ್ಷದ ಹಾಗೆಯೇ. ಈಗ ನೋಡುತ್ತಾಳೆ ಎಂದುಕೊಂಡ. ಬೆಳಗಿನಿಂದ ಹೆದರಿದ್ದ ಕ್ಷಣ ಇದು, ಇದಕ್ಕಾಗಿ ಒಬ್ಬನ ಮೂಳೆ ಮುರಿದದ್ದು, ಆಗಿಹೋಗಲಿ. ಅವನು ಕಣ್ಣಂಚಿನಲ್ಲಿ ಅವಳ ಕಡೆ ನೋಡಿದ. ಆಗಸ್ಟಾ ಮುಖ ಆಚೆ ತಿರುಗಿಸಿದ್ದಳು. ರಸ್ತೆಬದಿಯಲ್ಲಿ ಮೂತ್ರಕ್ಕೆ ಕೂತವನನ್ನು ಕಂಡರೆ ಮರ್ಯಾದಸ್ಥ ಹೆಂಗಸು ತಿರುಗಿಸುವ ಹಾಗೆ, ಅವಸರವಿಲ್ಲದೆ, ಕಣಿವೆಯ ಕಡೆಗೆ. ತಿರುವು ಮುಗಿಯುವ ತನಕ ಹಾಗೆಯೇ ಇದ್ದಳು. ಅವಳು ನೋಡುವವಳೇ ಅಲ್ಲ. ಮೊದಲಿನಿಂದಲೂ ನೋಡುವವಳಾಗಿರಲಿಲ್ಲ, ಏಕೆಂದರೆ ಅವಳಿಗೆ ಆ ಕಾಲಿನ ವಿಷಯ ಯಾವತ್ತೋ ಗೊತ್ತಿತ್ತು.

ತುದಿಯಲ್ಲಿ ಗಡಿಯಾರದವನು ಅವನ ಬೆನ್ನು ತಟ್ಟಿದ. "ಪರವಾಗಿಲ್ವೇ! ಈ ಸಲ ದಾರೀಲಿ ಬರೀ ಕಾಫಿ ಕುಡಿದು ಬಂದಿದೀರಿ." ಕೆಳಗೆ ಆದದ್ದು ಇನ್ನೂ ಇಲ್ಲಿಗೆ ಮುಟ್ಟಿರಲಿಲ್ಲ. ಲೂಥರ್ ಕ್ಲಚ್ ಬಿಡುವುದರಲ್ಲಿ ತಪ್ಪಿದ, ಎಂಜಿನ್ ಕೆಮ್ಮಿ ನಿಂತಿತು. ಆಗಸ್ಟಾ ಇಳಿದಳು. ಟೋಪಿಯ ಬಟ್ಟೆ ಬಿಚ್ಚಿದಳು. ಹಣೆಯ ಮೇಲೆ, ಕೆನ್ನೆಯ ಮೇಲೆ, ತುಟಿಯ ಪಕ್ಕದಲ್ಲಿ ಸತ್ತ ಹುಳಗಳಿದ್ದವು. ಕರವಸ್ತ್ರದಿಂದ ಅವನ್ನು ಒರೆಸಿ, ಕರವಸ್ತ್ರವನ್ನು ಒಳಮುಖವಾಗಿ ಮಡಿಚಿದಳು.

"ನಾನು ನಡ್ಕೊಂಡೇ ಇಳೀತೀನಿ. ರಾಸ್ಕೋನ ಹತ್ರ ಹೋಗ್ಬೇಕು," ಎಂದಳು.

"ಕಾರಲ್ಲೇ ಬೇಗ ಅಲ್ವಾ?"

ಅವಳು ಕಾರನ್ನು ನೋಡಿದಳು, ಅದು ಬಂದ ದಿನ ನೋಡಿದ ಹಾಗೆ. ಇಳಿಜಾರಿನ ಕಡೆ ಹೊರಟಳು.

ಅವನು ಲಿವರ್ ನೋಡಿದ. ಹಿಂದೆ ಎಳೆದ. ಇಳಿದು ಮುಂದೆ ಬಂದವನು ಮತ್ತೆ ಹೋಗಿ ನೋಡಿದ, ಹಿಂದಿತ್ತು. ಬಗ್ಗಿ ಹ್ಯಾಂಡಲ್ ಹಿಡಿದ. ಹೆಬ್ಬೆರಳು ಈಚೆ. ಜಾಲರಿಯಲ್ಲಿ ಅದೇ ಚಿಟ್ಟೆ, ಒಂದು ರೆಕ್ಕೆ ಹಾರಿಹೋಗಿತ್ತು. ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಬ್ಬಿಣದಲ್ಲಿ ಆ ಪುರುಳೆ ಮುರಿದ ಸದ್ದು ಇನ್ನೂ ಇತ್ತು, ಅಂಗೈಗೆ ತಾಗುತ್ತಿತ್ತು. ಅವನು ಕೈಬಿಟ್ಟ. ಗಡಿಯಾರದವನು ಶರಬತ್ತಿನ ಕಡೆ ಹೋಗಿದ್ದ, ನೋಡುವವರು ಯಾರೂ ಇರಲಿಲ್ಲ. ಕಾರನ್ನು ಭುಜಕೊಟ್ಟು ಇಳಿಜಾರಿನ ಕಡೆ ತಿರುಗಿಸಿ, ಹತ್ತಿ ಕೂತು, ಬ್ರೇಕ್ ಸಡಿಲಿಸಿದ. ಜಗತ್ತಿನ ಅತಿ ವೇಗದ ಕಾರುಗಳಲ್ಲಿ ಒಂದು ಎಂದು ಜಾಹೀರಾತು ಹೇಳುತ್ತಿದ್ದ ಹಾಲ್ಬರ್ಟ್, ಹೇಸರಗತ್ತೆ ಗುಡ್ಡದಿಂದ ಕೈಗಾಡಿಯ ಹಾಗೆ ಉರುಳತೊಡಗಿತು.

ಎಂಜಿನ್ ಇಲ್ಲದಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಜಲ್ಲಿಯ ಮೇಲೆ ಟೈರು, ಹುಲ್ಲಿನಲ್ಲಿ ಮಿಡತೆ. ಮೂರನೆಯ ತಿರುವಿನ ಹತ್ತಿರ ಮುಂದೆ ಹೆಜ್ಜೆಯ ಸದ್ದು. ಆಗಸ್ಟಾ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಅವನು ಬ್ರೇಕ್ ಒತ್ತಿ ಅವಳ ನಡಿಗೆಯ ಮಟ್ಟಕ್ಕೆ ಕಾರನ್ನು ತಂದ. ಏನಾದರೂ ಹೇಳಬೇಕು. ಅದು ಅಭ್ಯಾಸಬಲ, ಬಾಯಿ ತಾನೇ ಹೇಳಿಬಿಟ್ಟಿತು ಎನ್ನಬೇಕು. ನನ್ನ ಕೈಯನ್ನೇ ಮುರಿದುಕೊಳ್ಳಲು ಲಿವರನ್ನು ಮುಂದಿಟ್ಟಿದ್ದೆ ಎನ್ನಬೇಕು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಎರಡೂ ಸುಳ್ಳಾಗಿ ಕೇಳಿಸುತ್ತವೆ.

ಅವಳು ತಿರುಗಿ ನೋಡಲಿಲ್ಲ. ನಡೆಯುತ್ತಲೇ, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ ಕೇಳಿದಳು:

"ಕಿಡಿ ಹಿಂದಿದೆಯಾ?"

ಅವನು ಲಿವರ್ ನೋಡಿದ. ಹಿಂದೆಯೇ ಇತ್ತು. ಜೀವನದಲ್ಲಿ ಮೊದಲ ಸಲ ನೋಡಿ, ಖಾತ್ರಿ ಮಾಡಿಕೊಂಡು, ನಿಜ ಹೇಳಬಹುದಾಗಿತ್ತು. ನಾಲಿಗೆ ಏಳಲಿಲ್ಲ. ಅವಳು ಒಂದಷ್ಟು ಹೆಜ್ಜೆ ಕಾದಳು, ಆಮೇಲೆ ಹುಲ್ಲಿನ ಕಡೆ ಸರಿದು, ಅಪರಿಚಿತರ ಗಾಡಿಗೆ ಕೊಡುವ ಹಾಗೆ ದಾರಿ ಬಿಟ್ಟಳು.

ಕಾರು ಅವಳನ್ನು ದಾಟಿ ಉರುಳಿತು. ಕೆಳಗೆ ಗೆರೆಯ ಹತ್ತಿರ ಮುಂದಿನ ಕಾರಿಗೆ ಯಾರೋ ಹ್ಯಾಂಡಲ್ ಹೊಡೆಯುತ್ತಿದ್ದರು, ಜನರೆಲ್ಲ ಆ ಕಡೆ ಮುಖಮಾಡಿ ನಿಂತಿದ್ದರು. ಸದ್ದಿಲ್ಲದೆ ಬಂದು ನಿಂತ ಹಳದಿ ಕಾರನ್ನು ಯಾರೂ ತಿರುಗಿ ನೋಡಲಿಲ್ಲ.